ತಿದ್ದುವ ಮುನ್ನ ಆರು ಸೆಕೆಂಡು ಸುಮ್ಮನಿರಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ, ನಿವೃತ್ತ ಅಂಚೆ ಪಾಲಕರು. ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಗಿ ಆರು ವರ್ಷವಾಯಿತು. ಗುಳಿಗೆಯಿಂದ ಓಡಾಟ ಚೆನ್ನಾಗಿಯೇ ಇದೆ. ಮೊಬೈಲ್‌ನಲ್ಲಿ ಹಣ ಕಳಿಸುವುದನ್ನು ಅವರಿಗೆ ಹೇಳಿಕೊಡುತ್ತಿದ್ದೇನೆ. ಬೆರಳು ತಪ್ಪು ಜಾಗಕ್ಕೆ ಹೋದ ಕೂಡಲೇ ‘ಅದಲ್ಲ ಅಪ್ಪಾ, ಇದು’ ಎಂದು ತಿದ್ದುತ್ತೇನೆ. ಹತ್ತು ದಿನವಾದರೂ ಮೊದಲ ದಿನದಲ್ಲೇ ಇದ್ದಾರೆ. ಆದರೆ ಯುಗಾದಿಗೆ ಬಂದ ನೆಂಟರು ಯಾರು, ಏನು ಮಾತಾಡಿದರು ಎಲ್ಲವನ್ನೂ ಚಾಚೂ ತಪ್ಪದೆ ಹೇಳುತ್ತಾರೆ. ಸಹಿಯೂ ಚಿಕ್ಕದಾಗಿ ಬ್ಯಾಂಕಿನವರು ಚೀಟಿ ವಾಪಸ್ ಕಳಿಸಿದ ಮೇಲೆ ಅದರ ಅಭ್ಯಾಸವನ್ನೂ ಮಾಡಿಸುತ್ತಿದ್ದೇನೆ. ಪಾರ್ಕಿನ್ಸನ್ ಇರುವವರನ್ನು ಸ್ವಲ್ಪ ತಡವಾಗಿ ತಿದ್ದಿದರೆ ಚೆನ್ನಾಗಿ ಕಲಿಯುತ್ತಾರೆ ಎಂದು ಎಲ್ಲೋ ಓದಿದೆ. ನಿಜವೇ? ಎಷ್ಟು ತಡ ಮಾಡಬೇಕು?

ಉತ್ತರ: ಮೊಬೈಲ್ ಬಾರದ ತಂದೆಗೆ ಯುಗಾದಿಯ ಮಾತುಕತೆ ಪೂರಾ ನೆನಪಿದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಮನೆಯವರು ಇದನ್ನು ಸಾಮಾನ್ಯವಾಗಿ ಹಠ ಎಂದೋ ಅಸಡ್ಡೆ ಎಂದೋ ತಿಳಿಯುತ್ತಾರೆ. ‘ಬೇಕಾದದ್ದು ನೆನಪಿರುತ್ತದೆ, ಬೇಡದ್ದು ಮರೆತುಹೋಗುತ್ತದೆ’ ಎಂಬ ಮಾತನ್ನು ನನ್ನ ಕೊಠಡಿಯಲ್ಲಿ ರೋಗಿಯ ಎದುರೇ ಆಡಿದವರನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಆದರೆ ನೆಂಟರ ಮಾತನ್ನು ನೆನಪಿಡುವ ಜಾಗ ಬೇರೆ, ತಪ್ಪಿ ತಿದ್ದಿಕೊಂಡು ಕೈಯಲ್ಲಿ ಕೂರಿಸಿಕೊಳ್ಳುವ ಜಾಗ ಬೇರೆ. ನಿಮ್ಮ ತಂದೆಯವರಲ್ಲಿ ಏಟು ಬಿದ್ದಿರುವುದು ಎರಡನೆಯದಕ್ಕೆ.

ಆ ಎರಡನೆಯ ಜಾಗದ ಹೆಸರು ಸ್ಟ್ರಯಾಟಮ್, ಮಿದುಳಿನ ಆಳದಲ್ಲಿದೆ. ಅದಕ್ಕೆ ಡೋಪಮಿನ್ ಎಂಬ ರಾಸಾಯನಿಕವನ್ನು ಪೂರೈಸುವ ಜೀವಕೋಶಗಳು ಮಿದುಳಿನ ಕಾಂಡದಲ್ಲಿ, ಕಪ್ಪುಬಣ್ಣದ ಒಂದು ಪಟ್ಟಿಯಲ್ಲಿ ಕೂತಿರುತ್ತವೆ. ಪಾರ್ಕಿನ್ಸನ್ ಎಂದರೆ ಈ ಕೋಶಗಳು ಒಂದೊಂದಾಗಿ ಸಾಯುವುದು. ಕೈ ನಡುಗಲು ತೊಡಗುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಡೋಪಮಿನ್ ಕಡಿಮೆಯಾದರೆ ಚಲನೆ ನಿಧಾನವಾಗುತ್ತದೆ ಎಂಬುದನ್ನು 1960ರ ಸುಮಾರಿಗೇ ಕಂಡುಕೊಂಡಿದ್ದರು. ಕಲಿಕೆಗೂ ಅದು ಬೇಕೆಂದು ಗೊತ್ತಾದದ್ದು ತಡವಾಗಿ. ವೊಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಈ ಕೋಶಗಳ ಮಿಡಿತವನ್ನು ಅಳೆದರು. ಕೋತಿಗೆ ಎಣಿಸದೆ ಹಣ್ಣಿನ ರಸ ಸಿಕ್ಕರೆ ಕೋಶಗಳು ಚಟಪಟನೆ ಮಿಡಿಯುತ್ತಿದ್ದವು. ಸಿಕ್ಕೇ ಸಿಗುತ್ತದೆ ಎಂದು ಕಾದಾಗ ಸಿಗದಿದ್ದರೆ ಸರಿಯಾಗಿ ಆ ಗಳಿಗೆಗೆ ಸುಮ್ಮನಾಗುತ್ತಿದ್ದವು. ಎಂದರೆ ಡೋಪಮಿನ್ ಹೊತ್ತು ತರುವ ಸುದ್ದಿ ‘ನೀನು ಎಣಿಸಿದ್ದಕ್ಕಿಂತ ಮೇಲಾಯಿತು’ ಅಥವಾ ‘ಎಣಿಸಿದ್ದು ಆಗಲಿಲ್ಲ’ ಎಂಬುದು. ಸರಿ-ತಪ್ಪು ಹೇಳುವ ಮೇಷ್ಟ್ರು ನಮ್ಮೊಳಗೇ ಕೂತಿದ್ದಾರೆ ಎನ್ನಿ.

ಈ ಮೇಷ್ಟ್ರಿಗೆ ತಾಳ್ಮೆ ಕಡಿಮೆ. ಜಪಾನಿನಲ್ಲಿ 2014ರಲ್ಲಿ ಇಲಿಗಳ ನರಕೋಶಗಳ ಮೇಲೆ ನಡೆದ ಒಂದು ಸೊಗಸಾದ ಕೆಲಸವಿದೆ. ನರಕೋಶಕ್ಕೆ ಸಂಕೇತ ಬಂದ ಮೇಲೆ ಡೋಪಮಿನ್ ಸರಿಸುಮಾರು 0.3ರಿಂದ 2 ಸೆಕೆಂಡಿನೊಳಗೆ ಬಂದರೆ ಮಾತ್ರ ಆ ಸಂಪರ್ಕದ ಮೊಳಕೆ ಬಲಿಯುತ್ತಿತ್ತು. ಆ ಕಿಂಡಿ ಮುಚ್ಚಿದ ಮೇಲೆ ಬಂದ ಡೋಪಮಿನ್‌ನಿಂದ ಏನೂ ಆಗುತ್ತಿರಲಿಲ್ಲ. ಹಾಗಾಗಿ ಸ್ಟ್ರಯಾಟಮ್‌ನ ಮಟ್ಟಿಗೆ ತಕ್ಷಣ ಸಿಕ್ಕ ಫಲವೇ ಫಲ. ಆರೋಗ್ಯವಂತರಲ್ಲಿ ನೀವು ಮಾಡುವಂಥ ಥಟ್ಟನೆಯ ತಿದ್ದುಪಡಿ ಇದೇ ದಾರಿಯಲ್ಲಿ ಹೋಗಿ ಕೂರುತ್ತದೆ. ನಿಮ್ಮ ತಂದೆಯವರಲ್ಲಿ ಆ ದಾರಿಯೇ ಕುಸಿದಿದೆ. ನೀವು ಹತ್ತು ದಿನ ಪಾಠ ಹೇಳಿದ್ದು ರಜೆಯಲ್ಲಿರುವ ಮೇಷ್ಟ್ರಿಗೆ.

ಇನ್ನು ನೀವು ಓದಿದ ಸಂಶೋಧನೆಗೆ ಬರುತ್ತೇನೆ. ಬಹುಶಃ ಅದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕರಿನ್ ಫೋರ್ಡೆ ಮತ್ತು ಡಾಫ್ನಾ ಶೊಹಾಮಿ ಮಾಡಿ 2011ರಲ್ಲಿ ಪ್ರಕಟಿಸಿದ ಪ್ರಯೋಗ. ಪರದೆಯ ಮೇಲೆ ಒಂದು ಚಿಟ್ಟೆ, ಜೊತೆಗೆ ಬೇರೆ ಬೇರೆ ಬಣ್ಣದ ಎರಡು ಹೂವು. ಈ ಚಿಟ್ಟೆ ಯಾವ ಹೂವಿಗೆ ಹೋಗುತ್ತದೆ ಎಂದು ಊಹಿಸಬೇಕು. ಊಹೆ ಸರಿಯೋ ತಪ್ಪೋ ಎಂದು ಯಂತ್ರ ಹೇಳುತ್ತದೆ. ಒಂದೊಂದು ಚಿಟ್ಟೆಗೂ ಒಂದೊಂದು ಹೂವಿನ ಮೇಲೆ ಒಲವು, ಆದರೆ ಪ್ರತಿ ಸಲವೂ ಅದಕ್ಕೇ ಹೋಗುತ್ತದೆಂದಿಲ್ಲ. ಆದ್ದರಿಂದ ಒಂದು ಸಲ ನೋಡಿ ಬಾಯಿಪಾಠ ಮಾಡಿಕೊಳ್ಳುವಂತಿಲ್ಲ, ಆಡುತ್ತಾ ಆಡುತ್ತಾ ಅಂದಾಜು ಹಿಡಿಯಬೇಕು. ಕೆಲವು ಚಿಟ್ಟೆಗಳಿಗೆ ಉತ್ತರ ತಕ್ಷಣ ಬರುತ್ತಿತ್ತು, ಕೆಲವಕ್ಕೆ ಆರೇಳು ಸೆಕೆಂಡು ಬಿಟ್ಟು. ಉಳಿದದ್ದೆಲ್ಲ ಒಂದೇ. ತಕ್ಷಣ ಉತ್ತರ ಬಂದ ಚಿಟ್ಟೆಗಳ ವಿಷಯದಲ್ಲಿ ಪಾರ್ಕಿನ್ಸನ್ ಇದ್ದವರು ತಮ್ಮ ವಯಸ್ಸಿನ ಆರೋಗ್ಯವಂತರಿಗಿಂತ ಹಿಂದೆ ಬಿದ್ದರು. ತಡವಾಗಿ ಉತ್ತರ ಬಂದ ಚಿಟ್ಟೆಗಳಲ್ಲಿ ಆ ಹಿನ್ನಡೆ ಕಾಣಲಿಲ್ಲ.

ಕಾರಣ ಹುಡುಕಲು ಅವರು ಬೇರೊಂದು ಗುಂಪಿನ ಆರೋಗ್ಯವಂತರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಇದೇ ಆಟ ಆಡಿಸಿದರು. ತಕ್ಷಣದ ಉತ್ತರಕ್ಕೆ ಸ್ಟ್ರಯಾಟಮ್ ಚುರುಕಾಯಿತು. ತಡವಾದ ಉತ್ತರಕ್ಕೆ ಹಿಪ್ಪೊಕ್ಯಾಂಪಸ್ ಎದ್ದು ಕೂತಿತು. ಹಿಪ್ಪೊಕ್ಯಾಂಪಸ್ ಎಂದರೆ ಕಿವಿಯ ನೇರಕ್ಕೆ ಒಳಗಿರುವ ನೆನಪಿನ ಕಣಜ, ಯುಗಾದಿಯ ನೆಂಟರು ಕೂತಿರುವುದು ಅಲ್ಲಿ. ‘ನಾನು ಹೀಗೆ ಮಾಡಿದೆ, ಆಮೇಲೆ ಹಾಗಾಯಿತು’ ಎಂದು ಎರಡು ಬೇರೆ ಗಳಿಗೆಗಳಿಗೆ ಗಂಟು ಹಾಕುವುದು ಅದರ ಕಸುಬು. 2013ರಲ್ಲಿ ಇದೇ ಸಂಶೋಧಕರು ಇತರರ ಜೊತೆಗೂಡಿ ಉಲ್ಟಾ ಪರೀಕ್ಷೆಯನ್ನೂ ಮಾಡಿದರು. ಹಿಪ್ಪೊಕ್ಯಾಂಪಸ್ ಇರುವ ಭಾಗಕ್ಕೇ ಹಾನಿಯಾಗಿ ಮರೆವು ಬಂದವರು ತಕ್ಷಣದ ಉತ್ತರದಿಂದ ಚೆನ್ನಾಗಿಯೇ ಕಲಿತರು, ತಡವಾದ ಉತ್ತರದಲ್ಲಿ ಎಡವಿದರು. ಒಂದು ಗುಂಪಿನ ಬಲ ಇನ್ನೊಂದರ ದೌರ್ಬಲ್ಯ. ನಮ್ಮ ಕ್ಷೇತ್ರದಲ್ಲಿ ಇಷ್ಟು ಅಚ್ಚುಕಟ್ಟಾದ ಜೋಡಿ ಫಲಿತಾಂಶ ಅಪರೂಪ. ನಾನು ಮೊದಲ ಸಲ ಓದಿದಾಗ ಇಷ್ಟು ಚೆಂದವಾಗಿರುವುದೇ ಅನುಮಾನಕ್ಕೆ ಕಾರಣ ಎನಿಸಿತ್ತು. ಆದರೆ ಇದರ ಬೇರು ಹಳೆಯದು. 1996ರಲ್ಲೇ ನೋಲ್ಟನ್, ಮ್ಯಾಂಗಲ್ಸ್ ಮತ್ತು ಸ್ಕ್ವೈರ್ ಎಂಬ ಮೂವರು ಕಾರ್ಡುಗಳ ಮೇಲಿನ ಚಿತ್ರ ನೋಡಿ ‘ಮಳೆಯೋ ಬಿಸಿಲೋ’ ಎಂದು ಊಹಿಸುವ ಆಟ ಆಡಿಸಿದ್ದರು. ಮರೆವಿನ ರೋಗಿಗಳು ಆಟ ಆಡಿದ್ದರ ವಿವರವನ್ನೇ ಸರಿಯಾಗಿ ಹೇಳಲಾರದವರಾಗಿದ್ದರೂ ಊಹೆಯಲ್ಲಿ ಸುಧಾರಿಸಿದ್ದರು. ಪಾರ್ಕಿನ್ಸನ್ ರೋಗಿಗಳಿಗೆ ಎಲ್ಲ ವಿವರವೂ ನೆನಪಿತ್ತು, ಊಹೆ ಮಾತ್ರ ಸುಧಾರಿಸಲಿಲ್ಲ. ನಿಮ್ಮ ಮನೆಯ ಕತೆಯೂ ಇದೇ ಅಲ್ಲವೇ?

ಹಾಗಾದರೆ ಗಡಿಯಾರ ಹಿಡಿದು ಆರು ಸೆಕೆಂಡು ಎಣಿಸಬೇಕೇ? ಬೇಡ. ಚಿಟ್ಟೆ ಮತ್ತು ಹೂವಿನ ಆಟದಿಂದ ಬಂದ ಅಂಕಿಯನ್ನು ಹಾಗೇ ತಂದು ಮನೆಯ ಸೋಫಾದ ಮೇಲೆ ಕೂರಿಸಲು ಬರುವುದಿಲ್ಲ. ಆ ಪ್ರಯೋಗದಲ್ಲಿ ಕಲಿತದ್ದು ಊಹೆಯನ್ನು, ಕೈಕೆಲಸವನ್ನಲ್ಲ. ಅರ್ಧ ಗಂಟೆ ತಡ ಮಾಡಿದರೆ ಇನ್ನೂ ಒಳ್ಳೆಯದು ಎಂದೂ ಅದು ಹೇಳುವುದಿಲ್ಲ. ಸಂಜೆ ಊಟದ ಹೊತ್ತಿಗೆ ‘ಬೆಳಿಗ್ಗೆ ನೀವು ತಪ್ಪು ಒತ್ತಿದಿರಿ’ ಎಂದರೆ ಅದು ಪಾಠವಾಗುವುದಿಲ್ಲ, ಚುಚ್ಚುಮಾತಾಗುತ್ತದೆ. ಅಲ್ಲಿಂದ ನಾನು ಎತ್ತಿಕೊಳ್ಳುವ ಮಾತು ಇಷ್ಟು: ತಡವೆಂಬುದು ಔಷಧವಲ್ಲ, ಪಾಠ ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ ಎಂಬುದನ್ನು ಅದು ಬದಲಿಸುತ್ತದೆ. ನಿಮ್ಮ ತಂದೆಯವರ ನೆನಪಿನ ಬಾಗಿಲು ತೆರೆದಿದೆ. ಅದನ್ನು ಬಳಸುವ ದಾರಿಗಳಲ್ಲಿ ತಡ ಒಂದು ಮಾತ್ರ.

ಮೊಬೈಲಿನ ವಿಷಯದಲ್ಲಂತೂ ತಡಕ್ಕಿಂತ ಮೇಲಾದ ದಾರಿ ಇದೆ: ಊಹಿಸಲು ಬಿಡಲೇಬೇಡಿ. ಶೊಹಾಮಿ ಮತ್ತವರ ತಂಡ 2004ರಲ್ಲಿ ತೋರಿಸಿದ ಸಂಗತಿ ಇದು. ಅಂಥದೇ ವಿಷಯವನ್ನು ‘ಊಹಿಸಿ, ಆಮೇಲೆ ಸರಿಯೋ ತಪ್ಪೋ ತಿಳಿಯಿರಿ’ ಎಂದು ಕಲಿಸಿದಾಗ ಪಾರ್ಕಿನ್ಸನ್ ಇದ್ದವರು ಸೋತರು. ಪ್ರಶ್ನೆ ಉತ್ತರ ಎರಡನ್ನೂ ಒಟ್ಟಿಗೇ ತೋರಿಸಿ ನೋಡಿ ಕಲಿಯಲು ಬಿಟ್ಟಾಗ ಕಲಿತರು. ನೀವೇ ಒಮ್ಮೆ ಪೂರ್ತಿ ಮಾಡಿ ತೋರಿಸಿ, ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾ. ಆಮೇಲೆ ಅವರ ಕೈಯಲ್ಲೇ ಒಂದು ರಟ್ಟಿನ ಮೇಲೆ ಬರೆಸಿ: ‘ಒಂದು, ನೀಲಿ ಚಿತ್ರ ಒತ್ತುವುದು. ಎರಡು, ಹೆಸರು ಹುಡುಕುವುದು. ಮೂರು, ಮೊತ್ತ. ನಾಲ್ಕು, ಹೆಸರು ಮತ್ತೊಮ್ಮೆ ಓದುವುದು. ಐದು, ಗುಟ್ಟಿನ ಸಂಖ್ಯೆ.’ ಆ ಸಂಖ್ಯೆಯನ್ನು ಮಾತ್ರ ರಟ್ಟಿನ ಮೇಲೆ ಬರೆಯಬಾರದು. ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಮನಿ ಆರ್ಡರ್ ಫಾರಂ ತುಂಬಿಸಿದವರಿಗೆ ಹೆಜ್ಜೆ ಹೆಜ್ಜೆಯ ಕ್ರಮ ಹೊಸದಲ್ಲ. ‘ಇದು ಮನಿ ಆರ್ಡರೇ, ಮೊತ್ತ ಮೊದಲು ಬರುವುದೋ ವಿಳಾಸ ಮೊದಲೋ ಅಷ್ಟೇ ವ್ಯತ್ಯಾಸ’ ಎಂದು ಹೇಳಿ ನೋಡಿ. ಹಳೆಯ ನೆನಪಿಗೆ ಹೊಸದನ್ನು ಕಟ್ಟಿದರೆ ಹಿಪ್ಪೊಕ್ಯಾಂಪಸ್‌ಗೆ ಕೆಲಸ ಹಗುರ.

ರಟ್ಟು ಹಿಡಿದು ಅವರು ಮಾಡುವಾಗ ನಿಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಬೆರಳು ತಪ್ಪು ಜಾಗಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಎರಡು ಉಸಿರು ಸುಮ್ಮನಿರಿ. ಆಮೇಲೆ ‘ಈಗ ಏನಾಯಿತು ಅಪ್ಪಾ?’ ಎಂದು ಕೇಳಿ. ‘ಅದಲ್ಲ’ ಎನ್ನಬೇಡಿ. ಈ ಮೌನಕ್ಕೆ ಇನ್ನೊಂದು ಲಾಭವಿದೆ, ಅದಕ್ಕೂ ಚಿಟ್ಟೆಯ ಪ್ರಯೋಗಕ್ಕೂ ಸಂಬಂಧವಿಲ್ಲ. ಪಾರ್ಕಿನ್ಸನ್‌ನಲ್ಲಿ ಯೋಚನೆಯ ನಡಿಗೆಯೂ ನಿಧಾನವಾಗುತ್ತದೆ. ಮುಖದಲ್ಲಿ ಭಾವ ಕಡಿಮೆ ಇರುವುದರಿಂದ ಅವರು ಯೋಚಿಸುತ್ತಿದ್ದಾರೋ ಸುಮ್ಮನೆ ಕೂತಿದ್ದಾರೋ ತಿಳಿಯುವುದಿಲ್ಲ. ಉತ್ತರ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಮಕ್ಕಳು ಬಾಯಿ ಹಾಕಿಬಿಡುತ್ತಾರೆ. ಒಮ್ಮೆ ಒಬ್ಬ ರೋಗಿ, ಮಗಳು ಹೊರಗೆ ಹೋದ ಮೇಲೆ, ‘ಅವಳು ಕೇಳುವ ಪ್ರಶ್ನೆಗೆಲ್ಲ ಅವಳೇ ಉತ್ತರ ಹೇಳುತ್ತಾಳೆ, ನನಗೂ ಆರಾಮ’ ಎಂದು ಮೆಲ್ಲನೆ ಹೇಳಿದ್ದರು.

ಸಹಿಯ ಕತೆ ಬೇರೆ. ಅದು ಕೈಯ ಕೆಲಸ, ನೆನಪಿನ ಬಾಗಿಲೊಂದೇ ಸಾಲದು. ಇಲ್ಲಿ ತಿದ್ದುವುದಕ್ಕಿಂತ ಮುಂಚಿತವಾಗಿ ಕೊಡುವ ಸುಳಿವು ಹೆಚ್ಚು ಕೆಲಸ ಮಾಡುತ್ತದೆ. ಹೆಜ್ಜೆ ಏಳದೆ ನಿಂತುಬಿಡುವ ರೋಗಿ ನೆಲದ ಮೇಲೆ ಅಡ್ಡಗೆರೆ ಕಂಡರೆ ದಾಟಿ ನಡೆಯುವುದನ್ನು ನೀವು ನೋಡಿರಬಹುದು. ಅಕ್ಷರಕ್ಕೂ ಅದೇ ನಿಯಮ. ಮಕ್ಕಳ ಕಾಪಿ ಪುಸ್ತಕದ ಜೋಡಿಗೆರೆಯ ಹಾಳೆ ತನ್ನಿ, ‘ಮೇಲಿನ ಗೆರೆ ಮುಟ್ಟಬೇಕು’ ಎನ್ನಿ, ಅಕ್ಷರ ಆ ಕ್ಷಣವೇ ದೊಡ್ಡದಾಗುತ್ತದೆ. ಗೆರೆ ತೆಗೆದರೆ ಮತ್ತೆ ಇರುವೆಸಾಲು. ಏಕೆಂದರೆ ತಾನು ಬರೆದದ್ದು ಎಷ್ಟು ಚಿಕ್ಕದೆಂದು ಅವರ ಒಳಗಿನ ಅಳತೆಗೋಲು ಸರಿಯಾಗಿ ಹೇಳುತ್ತಿಲ್ಲ. ದನಿಯಲ್ಲೂ ಇದೇ ಆಗುತ್ತದೆ. ಸಹಜ ದನಿಯಲ್ಲಿ ಮಾತಾಡಿಸಿದರೆ ‘ನಾನು ಕಿರುಚುತ್ತಿದ್ದೇನೆ’ ಎನ್ನುತ್ತಾರೆ. ದನಿಗಾಗಿ ಎಲ್‌ಎಸ್‌ವಿಟಿ ಎಂಬ ತರಬೇತಿ ಇದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ, ನಾಲ್ಕು ವಾರ. ಅದರ ಜೀವಾಳವೇ ಈ ಅಳತೆಗೋಲನ್ನು ಮತ್ತೆ ಹೊಂದಿಸುವುದು.

ಅಳತೆಗೋಲು ಹೊಂದಬೇಕಾದರೆ ನೀವು ಹೇಳುವ ಮೊದಲು ಅವರೇ ಹೇಳಬೇಕು. ಸಹಿ ಮುಗಿಸಿದ ಮೇಲೆ ‘ಹೋದ ಸಲಕ್ಕಿಂತ ದೊಡ್ಡದೋ ಚಿಕ್ಕದೋ?’ ಎಂದು ಕೇಳಿ, ಅವರು ಉತ್ತರಿಸಿದ ನಂತರ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಡಿ. ಆರೋಗ್ಯವಂತರ ಮೇಲೆ 1990ರಲ್ಲಿ ನಡೆದ ಚಲನೆಯ ಪ್ರಯೋಗಗಳಲ್ಲೇ ಇದು ಕಂಡಿತ್ತು. ಚಲನೆ ಮುಗಿದ ಕೂಡಲೇ ಫಲಿತಾಂಶ ತಿಳಿಸಿದವರಿಗಿಂತ ಸ್ವಲ್ಪ ಕಾಯಿಸಿ ತಿಳಿಸಿದವರಲ್ಲಿ ಕಲಿಕೆ ಚೆನ್ನಾಗಿ ಉಳಿಯಿತು, ಆ ನಡುವೆ ತಮ್ಮ ತಪ್ಪನ್ನು ತಾವೇ ಅಂದಾಜು ಮಾಡಿದವರಲ್ಲಂತೂ ಇನ್ನೂ ಚೆನ್ನಾಗಿ. ಪಾರ್ಕಿನ್ಸನ್ ಇರುವವರಿಗೆ ಒಂದು ವಾಕ್ಯವನ್ನು ನಿಧಾನವಾಗಿ ಹೇಳಲು ಕಲಿಸಿದ 2002ರ ಪ್ರಯೋಗವೊಂದರಲ್ಲಿ, ಪ್ರತಿ ಸಲವೂ ಫಲಿತಾಂಶ ತಿಳಿಸುವುದಕ್ಕಿಂತ ಐದು ಸಲಕ್ಕೊಮ್ಮೆ ಒಟ್ಟಾಗಿ ತಿಳಿಸುವುದು ಮೇಲೆನಿಸಿತು. ಎಷ್ಟು ಸಲಕ್ಕೊಮ್ಮೆ ಹೇಳಬೇಕು ಎಂಬುದರಲ್ಲಿ ಮಾತ್ರ ಪ್ರಯೋಗದಿಂದ ಪ್ರಯೋಗಕ್ಕೆ ಫಲಿತಾಂಶ ಅತ್ತಿತ್ತ ಆಗಿದೆ. ಆದ್ದರಿಂದ ಐದು ಎಂಬ ಸಂಖ್ಯೆಯನ್ನು ಮಂತ್ರ ಮಾಡಿಕೊಳ್ಳಬೇಡಿ. ನಾನಂತೂ ಮೊದಲ ಎರಡು ದಿನ ಪ್ರತಿ ಸಹಿಗೂ ಮಾತಾಡುತ್ತೇನೆ, ಆಮೇಲೆ ನನ್ನ ಮಾತನ್ನು ಕಡಿಮೆ ಮಾಡುತ್ತಾ ಬರುತ್ತೇನೆ.

ಬೀಳುವ ಭಯ ಇರುವ ಕಡೆ ಈ ಯಾವುದೂ ಲೆಕ್ಕಕ್ಕಿಲ್ಲ. ಬಚ್ಚಲಿನಲ್ಲಿ ತಪ್ಪಾಗಿ ತಿರುಗುತ್ತಿದ್ದರೆ ಎರಡು ಉಸಿರು ಕಾಯುವುದಲ್ಲ, ಮೊದಲು ತೋಳು ಹಿಡಿಯುವುದು.

ಗುಳಿಗೆಯ ಹೊತ್ತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಮೈಕಲ್ ಫ್ರಾಂಕ್ ಮತ್ತು ಸಂಗಡಿಗರು 2004ರಲ್ಲಿ ಪಾರ್ಕಿನ್ಸನ್ ಇರುವವರನ್ನು ಗುಳಿಗೆ ತೆಗೆದುಕೊಂಡಾಗ ಮತ್ತು ತೆಗೆದುಕೊಳ್ಳದಿದ್ದಾಗ ಪರೀಕ್ಷಿಸಿದರು. ಗುಳಿಗೆ ಇಲ್ಲದಾಗ ಅವರು ‘ತಪ್ಪು’ ಎಂಬ ಮಾತಿನಿಂದ ಹೆಚ್ಚು ಕಲಿಯುತ್ತಿದ್ದರು. ಗುಳಿಗೆ ಇದ್ದಾಗ ‘ಸರಿ’ ಎಂಬುದರಿಂದ ಹೆಚ್ಚು ಕಲಿತು, ‘ತಪ್ಪು’ ಎಂಬುದು ಅಷ್ಟಾಗಿ ನಾಟುತ್ತಿರಲಿಲ್ಲ. ಲೆಕ್ಕಾಚಾರ ಸರಳ: ಎಣಿಸಿದ್ದು ಆಗದಿದ್ದಾಗ ಡೋಪಮಿನ್ ಇಳಿಯಬೇಕು, ಆದರೆ ಹೊರಗಿನಿಂದ ಬಂದ ಔಷಧ ಆ ಇಳಿತವನ್ನು ಮುಚ್ಚಿಹಾಕುತ್ತದೆ. ನೀವು ಪಾಠ ಮಾಡುವುದು ಖಂಡಿತ ಗುಳಿಗೆ ಹತ್ತಿದ ಹೊತ್ತಿನಲ್ಲೇ ಇರುತ್ತದೆ, ಇರಬೇಕು ಕೂಡ, ಇಲ್ಲದಿದ್ದರೆ ಕೈ ಏಳುವುದಿಲ್ಲ. ಹಾಗಿದ್ದ ಮೇಲೆ ‘ಅದಲ್ಲ ಅಪ್ಪಾ’ ಎಂಬುದು ಎರಡು ರೀತಿಯಲ್ಲಿ ವ್ಯರ್ಥ: ಅದು ಬಂದದ್ದೂ ತಕ್ಷಣ, ಹೇಳಿದ್ದೂ ತಪ್ಪನ್ನು. ಸರಿಯಾದದ್ದನ್ನು ಗುರುತಿಸಿ ‘ಇದು ಸರಿಹೋಯಿತು ನೋಡಿ’ ಎನ್ನುವುದೇ ಲೇಸು.

ಇದೇ ಓರೆ ಇನ್ನೊಂದು ಕಡೆ ಅಪಾಯಕ್ಕೆ ಎಡೆಮಾಡುತ್ತದೆ. ಗೆದ್ದದ್ದು ಜೋರಾಗಿ ಕೇಳಿಸಿ ಸೋತದ್ದು ಕೇಳಿಸದಿದ್ದರೆ ಏನಾಗುತ್ತದೆ ಊಹಿಸಿ. ಡೋಪಮಿನ್‌ನಂತೆಯೇ ಕೆಲಸ ಮಾಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಗುಳಿಗೆ ತೆಗೆದುಕೊಳ್ಳುವ ಕೆಲವರಲ್ಲಿ ಜೂಜು, ಅತಿ ಖರೀದಿ, ಅತಿ ತಿನ್ನುವ ಗೀಳು ಹುಟ್ಟುತ್ತದೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ ಶೇ 17.1ರಷ್ಟು ಮಂದಿಗೆ ಇಂಥ ಗೀಳಿತ್ತು, ತೆಗೆದುಕೊಳ್ಳದವರಲ್ಲಿ ಶೇ 6.9. ಹಣ ಕಳಿಸಲು ಕಲಿತ ಮೊಬೈಲಿನಲ್ಲೇ ಅತಿ ಖರೀದಿಗೂ ದಾರಿಯಿದೆ, 2025ರಲ್ಲಿ ನಿಷೇಧವಾಗುವವರೆಗೆ ಹಣವಿಟ್ಟು ಆಡುವ ಇಸ್ಪೀಟೂ ಸಿಗುತ್ತಿತ್ತು. ಆದ್ದರಿಂದ ಪಾಠ ಯಶಸ್ವಿಯಾದ ಮೇಲೆ ಖಾತೆಯ ಮೇಲೊಂದು ಕಣ್ಣಿರಲಿ, ದಿನದ ಮಿತಿ ಹಾಕಿಸಿ. ಅನುಮಾನ ಬಂದರೆ ನರರೋಗ ವೈದ್ಯರಿಗೆ ಹೇಳಿ, ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ.

ಇನ್ನೊಂದು ಎಚ್ಚರ. ಇಲ್ಲಿಯವರೆಗೆ ಹೇಳಿದ್ದೆಲ್ಲ ನೆನಪಿನ ಬಾಗಿಲು ತೆರೆದಿರುವವರಿಗೆ. ಪಾರ್ಕಿನ್ಸನ್ ಹಲವು ವರ್ಷ ಮುಂದುವರಿದಾಗ ಕೆಲವರಲ್ಲಿ ಮರೆವೂ ಸೇರಿಕೊಳ್ಳುತ್ತದೆ. ಯುಗಾದಿಯ ನೆಂಟರು ಮಸುಕಾಗತೊಡಗಿದರೆ, ಇಲ್ಲದವರು ಕಾಣಿಸತೊಡಗಿದರೆ, ತಡವಾಗಿ ತಿದ್ದುವ ಉಪಾಯಕ್ಕೆ ಆಧಾರವೇ ಇರುವುದಿಲ್ಲ. ಆಗ ಕಲಿಸುವುದನ್ನು ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕು.

ಬ್ಯಾಂಕಿನ ಚೀಟಿಯ ವಿಷಯಕ್ಕೆ ಇಷ್ಟು ಮಾಡಿ. ಹದಿನೈದು ವರ್ಷ ಹಿಂದಿನ ಸಹಿಗೆ ಇಂದಿನ ಕೈಯನ್ನು ಹೊಂದಿಸಲು ಒದ್ದಾಡುವ ಬದಲು ಹೊಸ ಮಾದರಿ ಸಹಿ ಕೊಡಲು ಅರ್ಜಿ ಹಾಕಿ, ಕಾರಣಕ್ಕೆ ವೈದ್ಯರ ಪತ್ರ ಜೊತೆಗಿರಲಿ. ಬೆಳಗಿನ ಗುಳಿಗೆ ಚೆನ್ನಾಗಿ ಹತ್ತಿರುವ ಹೊತ್ತು ನೋಡಿ ಹೋಗಿ. ಕೌಂಟರಿನ ಎದುರು ನಿಂತು ಬರೆಯುವುದು ಬೇಡ, ಕುರ್ಚಿ ಕೇಳಿ ಕೂರಿಸಿ, ಮೊಣಕೈಗೆ ಮೇಜಿನ ಆಸರೆ ಇರಲಿ. ಜೋಡಿಗೆರೆಯ ಹಾಳೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿ ಮೊದಲು ಅದರ ಮೇಲೆ ಎರಡು ಸಲ ಬರೆಸಿ, ಆಮೇಲೆ ಫಾರಂ ಮುಂದಿಡಿ. ಅವರು ಬರೆಯುವಾಗ ನೀವು ಕಿಟಕಿಯ ಕಡೆ ನೋಡುತ್ತಿರಿ.